ಬೀಗ ಯಾರದು? ಕೀಲಿ ಯಾರ ಕೈಲಿ?

ಓದು ಬಾರದಾಗ ನಾವು ಏನು ಮಾಡುತ್ತಿದ್ದೆವು? ಬಂದ ಕಾಗದವನ್ನು ಬೇರೆಯವರ ಕೈಲಿ ಓದಿಸುತ್ತಿದ್ದೆವು. ನಮ್ಮ ಮನೆಯ ಗುಟ್ಟು ಅವರಿಗೂ ಗೊತ್ತಾಗುತ್ತಿತ್ತು. ಈಗ ನಾವೇ ಓದುತ್ತೇವೆ. ಆದರೆ ಫೋನಿನಲ್ಲೂ ಅದೇ ಎಚ್ಚರ ಬೇಕು.

ಐಫೋನಿನಲ್ಲಿ ಐಮೆಸೇಜ್ ಎಂಬ ಸಂದೇಶ ಸೇವೆ ಇದೆ. ಅದರ ಸಂದೇಶಕ್ಕೆ ಬೀಗ ಇರುತ್ತದೆ. ದಾರಿಯಲ್ಲಿ ಯಾರೂ ಓದಲು ಆಗದು. ಆಂಡ್ರಾಯ್ಡ್ ಫೋನಿಗೆ ಈ ಸೇವೆ ಇಲ್ಲ. 2023ರ ನವೆಂಬರಿನಲ್ಲಿ ನಥಿಂಗ್ ಎಂಬ ಫೋನ್ ಕಂಪನಿ ಇದಕ್ಕಾಗಿ ಒಂದು ಆಪ್ ತಂದಿತು. ಅದರ ಹೆಸರು ನಥಿಂಗ್ ಚಾಟ್ಸ್. ಬಳಸುವವರು ತಮ್ಮ ಆಪಲ್ ಖಾತೆಯ ವಿವರ ಕೊಡಬೇಕಿತ್ತು. ಸಂದೇಶಗಳು ಸನ್‌ಬರ್ಡ್ ಎಂಬ ಇನ್ನೊಂದು ಕಂಪನಿಯ ಮೂಲಕ ಹೋಗುತ್ತಿದ್ದವು. ಅಲ್ಲಿ ಅವು ಬೀಗವಿಲ್ಲದೆ ಬಿದ್ದಿದ್ದವು! ತಿಳಿದವರು ಇದನ್ನು ಪತ್ತೆ ಮಾಡಿದರು. ಕೆಲವೇ ದಿನಗಳಲ್ಲಿ ಆಪನ್ನು ಪ್ಲೇ ಸ್ಟೋರಿನಿಂದ ತೆಗೆದರು.

"ಅನುಕೂಲ ಆಗುತ್ತಲ್ಲ, ಹಾಕ್ಕೊಳ್ಳೋಣ" ಅಂತ ನಾವು ಅವಸರ ಮಾಡಬಾರದು. ನಡುವಿನವರಿಗೆ ಪಾಸ್‌ವರ್ಡ್ ಕೊಟ್ಟರೆ ಮನೆಯ ಕೀಲಿಯನ್ನೇ ಕೊಟ್ಟ ಹಾಗೆ. ಸಿಗ್ನಲ್, ವಾಟ್ಸ್‌ಆಪ್‌ಗಳು ಎರಡೂ ಬಗೆಯ ಫೋನಿನಲ್ಲಿ ನಡೆಯುತ್ತವೆ. ಅವುಗಳಲ್ಲಿ ನಾವು ಆಡುವ ಮಾತಿಗೆ ಕೊನೆಯವರೆಗೂ ಬೀಗ ಇರುತ್ತದೆ. ಇಬ್ಬರೂ ಒಂದೇ ಆಪ್ ಹಾಕಿಕೊಂಡರೆ ನಡುವಿನವರು ಯಾಕೆ ಬೇಕು?

ನಮ್ಮ ಕಾಗದ ನಾವೇ ಓದೋಣ. ನಮ್ಮ ಕೀಲಿ ನಾವೇ ಇಟ್ಟುಕೊಳ್ಳೋಣ.