ಚೀನದ ನೇರ ಖಡ್ಗಗಳು



ಚೀನದೇಶದ ಹಳೆಯ ಖಡ್ಗವೊಂದು ಕೈಗೆ ಬಂದರೆ ಅದರ ಕಾಲವನ್ನೂ ಜಾತಿಯನ್ನೂ ಗೊತ್ತುಮಾಡುವುದು ಹೇಗೆ? ಅಲಗು ನೇರವಾಗಿದೆಯೆಂಬುದೊಂದೇ ಸಾಲದು. ಮೊದಲು ಬಾಯಿಗಳನ್ನು ಎಣಿಸತಕ್ಕದ್ದು. ಇಬ್ಬಾಯಿಯುಳ್ಳದ್ದು ಜಿಯೆನ್, ಒಂದೇ ಬಾಯಿಯುಳ್ಳದ್ದು ದಾವೊ. ಹಾನ್ ವಂಶದ ಕಾಲದಲ್ಲಿ, ಹಿಡಿಯ ತುದಿಗೆ ಬಳೆಯುಳ್ಳ ದಾವೊ ಕೂಡ ನೇರವಾಗಿಯೇ ಇದ್ದಿತು.

ಎರಡನೆಯದು ಲೋಹ. ಕಂಚು ಪೆಟ್ಟಿಗೆ ಮುರಿಯಬಲ್ಲುದಾದುದರಿಂದ ಕಂಚಿನ ಜಿಯೆನ್ ಸಾಮಾನ್ಯವಾಗಿ ಗಿಡ್ಡ. ಹಾನರ ಕಾಲದ ಉಕ್ಕಿನ ಜಿಯೆನ್ ಎರಡು ಮೊಳವನ್ನು ಮೀರುವುದುಂಟು. ಚಿಂಗ್ ವಂಶದ ಕಾಲದ ಒಳ್ಳೆಯ ಅಲಗುಗಳಲ್ಲಿ ಮೆದು ಲೋಹದ ಎರಡು ಪದರಗಳ ನಡುವೆ ಗಡಸು ಉಕ್ಕನ್ನಿಟ್ಟು ಬೆಸೆದಿರುವುದು ಕಾಣುವುದು.

ಹಿಡಿಯನ್ನೂ ಒರೆಯನ್ನೂ ಕಡೆಗೆ ನೋಡಬೇಕು. ಸವೆದಂತೆ ಅವನ್ನು ಬದಲಾಯಿಸುತ್ತಿದ್ದರು. ಕೊರೆದ ಹೆಸರನ್ನೂ ಕೂಡಲೆ ನಂಬಲಾಗದು. ಖಡ್ಗಗಳಿಗೆ ಪ್ರಸಿದ್ಧವಾದ ಲುಂಗ್‌ಚುವಾನ್ ಎಂಬ ಊರಿನ ಹೆಸರು ಪ್ರವಾಸಿಗಳಿಗೆ ಮಾರಿದ ಅಗ್ಗದ ಕತ್ತಿಗಳ ಮೇಲೂ ಉಂಟು.

ನಿಜವಾದ ಹೆಸರೂ ಕಥೆಯನ್ನೆಲ್ಲ ಹೇಳದು. 1965ರಲ್ಲಿ ಹೂಬೆ ಪ್ರಾಂತದ ಗೋರಿಯೊಂದರಲ್ಲಿ ಸುಮಾರು 22 ಅಂಗುಲದ ಕಂಚಿನ ಜಿಯೆನ್ ದೊರೆಯಿತು. ಅದು ಯುವೆ ರಾಜ್ಯದ ಅರಸು ಗೋಜಿಯೆನನದೆಂದು ಅಲಗಿನ ಮೇಲಣ 8 ಅಕ್ಷರಗಳು ಸಾರುತ್ತವೆ. ಆದರೆ ಗೋರಿಯೋ ಚೂ ರಾಜ್ಯದ ಕುಲೀನನೊಬ್ಬನದು! ಖಡ್ಗವು ಮದುವೆಯ ಬಳುವಳಿಯಾಗಿ ಬಂದಿತೋ, ಯುದ್ಧದ ಕೊಳ್ಳೆಯಾಗಿ ಬಂದಿತೋ, ವಿದ್ವಾಂಸರಲ್ಲಿ ಮತಭೇದವಿದೆ. ಅಗೆದವರು ಸ್ಥಳವನ್ನು ಬರೆದಿಡದೆ ಅದನ್ನು ಮಾರಿಬಿಟ್ಟಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಚರಿತ್ರೆಯ ಒಂದು ಪುಟವೇ ಅಳಿಸಿಹೋಗುತ್ತಿತ್ತು. ಖಡ್ಗದ ಜಾತಿಯನ್ನು ಅಲಗು ಹೇಳೀತು. ಅದು ಪಟ್ಟ ಪಾಡನ್ನು ದೊರೆತ ನೆಲವೇ ಹೇಳಬೇಕು.