ಏಳು ಸಮುದ್ರದಾಚೆ, ಮೂರನೇ ಸ್ಟೇಷನ್

ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ರಾಕ್ಷಸನ ಪ್ರಾಣ ಯಾವತ್ತೂ ಏಳು ಸಮುದ್ರದಾಚೆ, ಒಂದು ಗಿಳಿಯೊಳಗೆ ಇರುತ್ತಿತ್ತು. ರಾಜಕುಮಾರ ಅಲ್ಲಿಗೆ ಹಕ್ಕಿಯ ಬೆನ್ನೇರಿ ಹೋಗುತ್ತಿದ್ದ, ಇಲ್ಲವೇ ಹಾರುವ ಕುದುರೆಯ ಮೇಲೆ. ಈಜಿಕೊಂಡು ಹೋದವನು ಒಬ್ಬನೂ ಇರಲಿಲ್ಲ. ಅಜ್ಜಿಗೂ ಅದು ಸ್ವಲ್ಪ ಅತಿಯಾಯಿತು ಅನ್ನಿಸಿರಬೇಕು.

ಈಗ ಕೇಳಿ. ನವಿ ಮುಂಬೈಯ ನಮ್ಮ ಕೋಪರಖೈರಣೆ ಸ್ಟೇಷನ್ನಿನಲ್ಲಿ ಪನವೇಲ್ ಗಾಡಿ ಹತ್ತಿ. ವಾಶಿ ಗಾಡಿ ಬೇಡ, ಅದು ಸಾನ್‌ಪಾಡಾದತ್ತ ತಿರುಗಿಬಿಡುತ್ತದೆ. ತುರ್ಭೆ, ಜುಯಿನಗರ, ನೇರೂಳ್. ಮೂರನೇ ಸ್ಟೇಷನ್. ಆ ನೇರೂಳಿನ ಹುಡುಗ ಪ್ರಭಾತ್ ಕೋಳಿ 2023ರ ಮಾರ್ಚ್ 1ರಂದು ನ್ಯೂಜಿಲೆಂಡಿನ ಎರಡು ದೊಡ್ಡ ದ್ವೀಪಗಳ ನಡುವಿನ ಕುಕ್ ಜಲಸಂಧಿಯನ್ನು ಈಜಿ ದಾಟಿದ. 8 ಗಂಟೆ 41 ನಿಮಿಷ. ಅದು ಅವನ ಏಳನೇ ಸಮುದ್ರ! ‘ಓಷನ್ಸ್ ಸೆವೆನ್’ ಎಂದು ಲೋಕವೆಲ್ಲ ಕರೆಯುವ ಏಳೂ ಜಲಸಂಧಿಗಳನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದುವರೆಗೆ ಯಾರೂ ಮುಗಿಸಿರಲಿಲ್ಲ. ಅವನಿಗೆ ಆಗ 23.

ಹೆಸರಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕನ್ನಡದ ಕಿವಿಗೆ ಕೋಳಿ ಅಂದರೆ ಕೋಳಿಯೇ, ನೀರು ಕಂಡರೆ ಗರಿ ಕೊಡವಿ ದೂರ ಸರಿಯುವ ಜೀವ. ಮರಾಠಿಯಲ್ಲಿ ಅದು ಮೀನುಗಾರ. ಜೇಡಕ್ಕೂ ಅಲ್ಲಿ ಅದೇ ಹೆಸರು. ಇಬ್ಬರೂ ಬಲೆಯವರು ತಾನೆ! ಮುಂಬೈ ಎಂಬ ನಗರ ಹುಟ್ಟುವ ಮೊದಲೇ ಇಲ್ಲಿನ ಖಾರಿಯ ದಂಡೆಯಲ್ಲಿ ಬಲೆ ಒಣಹಾಕುತ್ತಿದ್ದವರ ಹೆಸರು ಅದು.

ಪ್ರಭಾತನ ವಿಷಯ ಓದುತ್ತ ಹೋದಂತೆ ನನ್ನ ತಲೆಗೆ ಹುಳ ಬಿಟ್ಟದ್ದು ಅವನು ಈಜಿದ ಬಗೆ. ಫ್ರೀಸ್ಟೈಲ್. ಮೂವತ್ತು ವರ್ಷ ಟೀವಿಯಲ್ಲಿ ಒಲಿಂಪಿಕ್ಸ್ ನೋಡಿದ ನಾನು ಫ್ರೀಸ್ಟೈಲ್ ಅಂದರೆ ಒಂದು ಈಜು ಅಂದುಕೊಂಡಿದ್ದೆ. ಅಲ್ಲವೇ ಅಲ್ಲ! ಅದು ಸ್ಪರ್ಧೆಯ ಹೆಸರು ಮಾತ್ರ. ಫ್ರೀಸ್ಟೈಲ್ ಸ್ಪರ್ಧೆಯಲ್ಲಿ ಹೇಗೆ ಬೇಕಾದರೂ ಈಜಬಹುದು ಅನ್ನುತ್ತದೆ ನಿಯಮ. ಅಂಗಾತ ಮಲಗಿ ಹೋಗಿ, ಕಪ್ಪೆಯ ಹಾಗೆ ಕಾಲು ಝಾಡಿಸಿ, ನಮ್ಮೂರ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಕಲಿತ ಕೈಬಡಿತದಲ್ಲೇ ಹೋಗಿ, ಯಾರೂ ತಡೆಯುವುದಿಲ್ಲ. ಇಷ್ಟು ಸ್ವಾತಂತ್ರ್ಯ ಕೊಟ್ಟರೂ ಎಂಟು ಲೇನಿನ ಎಂಟು ಜನ ಈಜುವುದು ಒಂದೇ ರೀತಿ. ಬೋರಲು ಮೈ, ಒಂದಾದ ಮೇಲೊಂದು ತೋಳು, ಪಕ್ಕಕ್ಕೆ ಹೊರಳಿ ಉಸಿರು. ಕ್ರಾಲ್ ಅನ್ನುವುದು ಇದಕ್ಕೆ. ಇದಕ್ಕಿಂತ ವೇಗದ್ದು ನೀರಿನ ಮೇಲೆ ಇನ್ನೂ ಯಾರಿಗೂ ಸಿಕ್ಕಿಲ್ಲ.

ಅದನ್ನು ಮೊದಲು ಕಂಡಾಗ ಲೋಕ ಮೂಗು ಮುರಿದಿತ್ತು. 1844ರಲ್ಲಿ ಅಮೆರಿಕದ ಮೂಲನಿವಾಸಿಗಳಿಬ್ಬರು ಲಂಡನ್ನಿನಲ್ಲಿ ತೋಳು ಬೀಸಿ ಈಜಿ ತೋರಿಸಿದರೆ, ಇಷ್ಟೊಂದು ನೀರು ಎರಚುವುದು ಸಭ್ಯರ ಲಕ್ಷಣವಲ್ಲ ಎಂದು ಅಲ್ಲಿನವರಿಗೆ ಅನ್ನಿಸಿತು. 1875ರಲ್ಲಿ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಾಲುವೆ ದಾಟಿದ್ದು ಕಪ್ಪೆ ಈಜಿನಲ್ಲಿ, 21 ಗಂಟೆ 45 ನಿಮಿಷ ತೆಗೆದುಕೊಂಡು. ಆಮೇಲೆ 1926ರಲ್ಲಿ ಬಂದಳು ನೋಡಿ ಗರ್ಟ್ರೂಡ್ ಎಡರ್ಲೆ! ಇಪ್ಪತ್ತರ ಹುಡುಗಿ, ಎರಡು ವರ್ಷದ ಹಿಂದೆ ಪ್ಯಾರಿಸ್ ಒಲಿಂಪಿಕ್ಸಿನ ಫ್ರೀಸ್ಟೈಲ್ ರಿಲೇಯಲ್ಲಿ ಚಿನ್ನ ಗೆದ್ದವಳು. ಅದೇ ಕೊಳದ ಕ್ರಾಲ್ ಹಿಡಿದು ಸಮುದ್ರಕ್ಕಿಳಿದು ಹದಿನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ಆಚೆ ದಡ ಮುಟ್ಟಿದಳು. ಅವಳಿಗಿಂತ ಮೊದಲು ದಾಟಿದ ಐವರು ಗಂಡಸರಲ್ಲಿ ಒಬ್ಬನೂ ಅಷ್ಟು ಬೇಗ ದಾಟಿರಲಿಲ್ಲ.

ಅಂದರೆ ಒಂದೇ ಈಜು, ಎರಡು ಬದುಕು! ನಮ್ಮ ಬೆಂಗಳೂರಿನ ನಿಶಾ ಮಿಲ್ಲೆಟ್ 2000ದಲ್ಲಿ ಸಿಡ್ನಿಯಲ್ಲಿ, ಹದಿನಾಲ್ಕರ ಧಿನಿಧಿ ದೇಸಿಂಗು 2024ರಲ್ಲಿ ಪ್ಯಾರಿಸ್‌ನಲ್ಲಿ ಈಜಿದ್ದು 200 ಮೀಟರ್ ಫ್ರೀಸ್ಟೈಲ್. ಇಬ್ಬರ ಸ್ಪರ್ಧೆಯೂ ಎರಡು ನಿಮಿಷ ಚಿಲ್ಲರೆಯಲ್ಲಿ ಮುಗಿಯಿತು, ಹೋಟೆಲಿನಲ್ಲಿ ಕಾಪಿ ಬರುವಷ್ಟರೊಳಗೆ. ಪ್ರಭಾತ ಅದೇ ತೋಳನ್ನು ಕುಕ್‌ನಲ್ಲಿ ನಿಮಿಷಕ್ಕೆ ಅರವತ್ತು ಸಲ ಎತ್ತಿದ ಅಂತ ಹಿಡಿಯಿರಿ. ಒಂದು ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಮೂವತ್ತೊಂದು ಸಾವಿರ ದಾಟಿತು. ನಾನು ಪೆನ್ನು ಕೆಳಗಿಟ್ಟೆ.

ಕೊಳದ ವೇಗಿ ಒಂದು ಜೊತೆ ತೋಳಿಗೆ ಆರು ಸಲ ಕಾಲು ಬಡಿದರೆ, ದೂರದ ಈಜುಗಾರರಲ್ಲಿ ಬಹಳ ಮಂದಿ ಎರಡಕ್ಕೇ ಇಳಿಸುತ್ತಾರೆ. ತೊಡೆಯ ದೊಡ್ಡ ಸ್ನಾಯುಗಳು ಉಸಿರನ್ನು ಕುಡಿದುಬಿಡುತ್ತವೆ, ಅವನ್ನು ಸುಮ್ಮನಿರಿಸಬೇಕು. ಉಸಿರಿಗೆ ತಲೆ ಎತ್ತುವ ಹಾಗಿಲ್ಲ, ಎತ್ತಿದರೆ ಸೊಂಟ ಮುಳುಗುತ್ತದೆ. ಮುನ್ನುಗ್ಗುವ ತಲೆಯೇ ನೀರಿನಲ್ಲಿ ಸಣ್ಣ ತಗ್ಗೊಂದನ್ನು ಮಾಡುತ್ತದಂತೆ, ಬಾಯಿ ಆ ತಗ್ಗಿನಲ್ಲೇ ಗಾಳಿ ಕದಿಯಬೇಕು. ತನ್ನ ತಲೆ ತೋಡಿದ ಗುಂಡಿಯಲ್ಲಿ ತನ್ನದೇ ಉಸಿರು!

ಇನ್ನು ಆ ಏಳರ ಪೈಕಿ ಬರೀ ಕೆಲವನ್ನು ನೋಡಿ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ನಡುವಿನ ನಾರ್ತ್ ಚಾನೆಲ್‌ನಲ್ಲಿ ನೀರು ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಕ್ಕಿಂತ ತುಸು ವಾಸಿ, ಮೇಲೆ ಮೈಗೆ ಬರೆ ಎಳೆಯುವ ಲಯನ್ಸ್ ಮೇನ್ ಅಂಬಲಿಮೀನು. ಹವಾಯಿಯ ಕೈವಿ ಬೆಚ್ಚಗಿದೆ, ಆದರೆ ಸುಮಾರು 42 ಕಿಲೋಮೀಟರ್, ಕೆಳಗೆ ಶಾರ್ಕು. ಜಪಾನಿನ ತ್ಸುಗಾರುವಿನಲ್ಲಿ ಸೆಳೆತ ಈಜುಗಾರನನ್ನು ಎತ್ತಿ ಬೇರೆ ಕಡೆ ಇಟ್ಟುಬಿಡುತ್ತದೆ. ಇಷ್ಟಕ್ಕೆಲ್ಲ ಕೊಡುವ ಸಲಕರಣೆ ಎಷ್ಟು? ಒಂದು ಚಡ್ಡಿ, ಒಂದು ಟೋಪಿ, ಒಂದು ಗಾಗಲ್ಸ್. ಮೈ ಬೆಚ್ಚಗಿಡುವ ಉಡುಪು ಹಾಕುವ ಹಾಗಿಲ್ಲ. ಜೊತೆಯ ದೋಣಿಯನ್ನು ಬೆರಳಿನಿಂದ ಮುಟ್ಟಿದರೂ ಆಟ ಮುಗಿಯಿತು.

ಈ ಹುಡುಗ ಇಂಗ್ಲಿಷ್ ಕಾಲುವೆ, ಕೈವಿ, ನಾರ್ತ್ ಚಾನೆಲ್ ದಾಟಿದಾಗ ಇನ್ನೂ ಹದಿಹರೆಯ. 2018ರ ತೇನ್‌ಸಿಂಗ್ ನೋರ್ಗೆ ಸಾಹಸ ಪ್ರಶಸ್ತಿ ಅವನಿಗೆ ಬಂದಿತ್ತು. ನಾನು ಆಗ ಇದೇ ಲೈನಿನಲ್ಲಿ ದಿನಾ ಓಡಾಡುತ್ತಿದ್ದೆ. ಚಳಿಗಾಲದಲ್ಲಿ ಖಾರಿಗೆ ಬರುವ ಫ್ಲೆಮಿಂಗೊಗಳನ್ನು ನೋಡಲು ಹೋಗಿದ್ದೂ ಉಂಟು. ಬೈನಾಕ್ಯುಲರ್ ಹಿಡಿದು ದೂರದ ಹಕ್ಕಿ ಹುಡುಕಿದ್ದೇ ಹುಡುಕಿದ್ದು, ಪಕ್ಕದ ಸ್ಟೇಷನ್ ಕಾಣಿಸಲಿಲ್ಲ.

ಇಷ್ಟನ್ನೂ ಒಂದೇ ಉಸಿರಿನಲ್ಲಿ ಸೆಕ್ಟರಿನ ಮೂಲೆಯ ಹೋಟೆಲಿನವರಿಗೆ ಹೇಳಿದೆ. ಕುಂದಾಪುರ ಕಡೆಯವರು. ಗಲ್ಲಾದಿಂದ ಕಣ್ಣೆತ್ತದೆ, “ನಮ್ಮಲ್ಲಿಯೂ ಉಂಟಲ್ಲ ಮಾರಾಯ್ರೆ, ಗೋಪಾಲ ಖಾರ್ವಿ” ಅಂದರು. ಹೌದಲ್ಲ! 2013ರಲ್ಲಿ ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿಕೊಂಡು ಮಲ್ಪೆಯ ಕಡಲಿನಲ್ಲಿ ಮೂರು ಕಿಲೋಮೀಟರಿಗೂ ಮೀರಿ ಈಜಿ ಗಿನ್ನೆಸ್ ಪುಸ್ತಕ ಸೇರಿದವರು. ಖಾರ್ವಿ, ಕೋಳಿ. ಎರಡೂ ಬಲೆಯವರ ಹೆಸರು, ಕಡಲೂ ಒಂದೇ.

“ಅಲ್ಲ, ಈ ಹುಡುಗ ಇಡೀ ದಿನ ನೀರಲ್ಲೇ ಇದ್ದರೆ ಊಟಕ್ಕೆ ಎಂತ ಮಾಡುದು?”

ದೋಣಿಯಿಂದ ಹಗ್ಗಕ್ಕೆ ಕಟ್ಟಿ ಬಾಟಲಿ ಇಳಿಸುತ್ತಾರೆ, ಗಂಜಿಯಂಥದ್ದು ಏನೋ, ನಿಂತಲ್ಲೇ ಕಾಲಾಡಿಸುತ್ತ ಗಟಗಟ ಕುಡಿದು ಬಾಟಲಿ ಬಿಟ್ಟು ಮತ್ತೆ ಹೊರಡುವುದು ಅಂದೆ.

ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದರು. “ದೋಣಿ ಅಷ್ಟು ಹತ್ತಿರ ಇರ್ತದಾ? ಮುಟ್ಟುವ ಹಾಗಿಲ್ವಾ?”

“ಇಲ್ಲ.”

“ಅದು ಕಷ್ಟ ಮಾರಾಯ್ರೆ,” ಅಂದರು, “ಶಾರ್ಕ್ ಅಲ್ಲ, ಅದು.”