ವಕೀಲಿಕೆಯಿಂದ ಸಭಾಧ್ಯಕ್ಷ ಪೀಠದವರೆಗೆ: ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ

1978ರ ನವೆಂಬರ್ ತಿಂಗಳನ್ನು ನಮ್ಮ ಜಿಲ್ಲೆಯ ಹಿರಿಯರು ಮರೆತಿರಲಾರರು. ಶ್ರೀ ಡಿ.ಬಿ. ಚಂದ್ರೇಗೌಡರು ರಾಜೀನಾಮೆಯಿತ್ತು ತೆರವು ಮಾಡಿಕೊಟ್ಟ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಿಂದ ಶ್ರೀಮತಿ ಇಂದಿರಾ ಗಾಂಧಿಯವರು ಸ್ಪರ್ಧಿಸಿ, ಶ್ರೀ ವೀರೇಂದ್ರ ಪಾಟೀಲರನ್ನು ಸೋಲಿಸಿ ದೆಹಲಿಗೆ ತೆರಳಿದರು. ಕಡೂರು, ತರೀಕೆರೆ, ಅಜ್ಜಂಪುರಗಳ ಹಳೆಯ ತಲೆಗಳು ಈ ಉಪಚುನಾವಣೆಯ ಕಥೆಯನ್ನು ಇಂದಿಗೂ ಸ್ವಾರಸ್ಯವಾಗಿ ಹೇಳುತ್ತಾರೆ. ಆದರೆ ಅವರು ಹೋಗಿ ಸೇರಿದ ಆ ಸದನದ ಸಭಾಧ್ಯಕ್ಷ ಪೀಠದಲ್ಲಿದ್ದವರೂ ಕನ್ನಡ ನಾಡಿನವರೇ, ಘಟ್ಟವಿಳಿದರೆ ಸಿಗುವ ಕಾರ್ಕಳ ಸೀಮೆಯವರೇ ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಅವರೇ ಕೌಡೂರು ಸದಾನಂದ ಹೆಗ್ಡೆ.

1909ರ ಜೂನ್ 11ರಂದು ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಜನಿಸಿದ ಹೆಗ್ಡೆಯವರು ಊರ ಶಾಲೆಯಲ್ಲಿಯೂ ಕಾರ್ಕಳದ ಬೋರ್ಡ್ ಹೈಸ್ಕೂಲಿನಲ್ಲಿಯೂ ಓದಿ, ಮುಂದೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಸೇರಿದರು. ಯೇಸುಸಭೆಯ ಗುರುಗಳು 1880ರಲ್ಲಿ ಆರಂಭಿಸಿದ ಈ ಕಾಲೇಜಿನ ಹೆಸರನ್ನು ಕೇಳಿ ನಮ್ಮ ವಾಚಕರು ಸಂತೋಷಪಡುವುದು ಸಹಜ. ಆದರೆ ಆ ಶ್ರೇಯಸ್ಸನ್ನೆಲ್ಲ ನಾವೇ ಬಾಚಿಕೊಳ್ಳುವುದು ಬೇಡ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ಲಾ ಕಾಲೇಜಿಗೂ ಅದರಲ್ಲಿ ಪಾಲಿದೆ. ದಕ್ಷಿಣ ಕನ್ನಡವು ಅಂದು ಮದರಾಸು ಆಡಳಿತಕ್ಕೆ ಸೇರಿತ್ತು. ಮೂವತ್ತರ ದಶಕದಲ್ಲಿ ವಕೀಲಿ ವೃತ್ತಿಯನ್ನು ಹಿಡಿದ ಅವರು 1947ರಿಂದ 1951ರವರೆಗೆ ಸರಕಾರಿ ಅಭಿಯೋಜಕರಾಗಿದ್ದರು. 1952ರಲ್ಲಿ ರಾಜ್ಯಸಭೆಗೆ ಆಯ್ಕೆಯಾದರು. 1954ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಹೋದ ಭಾರತೀಯ ನಿಯೋಗದಲ್ಲಿಯೂ ಇದ್ದರು.

1957ರಲ್ಲಿ ಅವರು ರಾಜ್ಯಸಭಾ ಸದಸ್ಯತ್ವವನ್ನು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. ರಾಜಕಾರಣಿಯೊಬ್ಬನು ನ್ಯಾಯಪೀಠವನ್ನೇರುವುದು ಉಚಿತವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಸಂವಿಧಾನದಲ್ಲಿ ಇದಕ್ಕೆ ಅಡ್ಡಿಯಿಲ್ಲ. ಅಮೆರಿಕದಲ್ಲಿ ಅಲಬಾಮಾದ ಸೆನೆಟರ್ ಹ್ಯೂಗೋ ಬ್ಲ್ಯಾಕ್ 1937ರಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಕೇರಳದಲ್ಲಿ ಮಂತ್ರಿಯಾಗಿದ್ದ ವಿ.ಆರ್. ಕೃಷ್ಣ ಅಯ್ಯರ್ ಅವರು ಮುಂದೆ ಬಡವರ ಪರವಾದ ನ್ಯಾಯಮೂರ್ತಿಯೆಂದೇ ಹೆಸರಾದರು. ಯಾವನೂ ಪೂರ್ವಾಭಿಪ್ರಾಯವಿಲ್ಲದೆ ಪೀಠವನ್ನೇರುವುದಿಲ್ಲ. ಅದನ್ನು ಹದ್ದಿನಲ್ಲಿಡುವ ಶಿಸ್ತು ಇದೆಯೇ ಎಂಬುದೇ ಮುಖ್ಯವೆಂದು ನಮಗೆ ತೋರುತ್ತದೆ.

1966ರ ಅಕ್ಟೋಬರ್ 31ರಂದು ದೆಹಲಿ ಹೈಕೋರ್ಟ್ ಸ್ಥಾಪನೆಯಾದಾಗ ಹೆಗ್ಡೆಯವರು ಅದರ ಮೊದಲ ಮುಖ್ಯ ನ್ಯಾಯಮೂರ್ತಿಯಾದರು. 1967ರ ಜುಲೈಯಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. ಅಲ್ಲಿ ಅವರು ಬರೆದ ತೀರ್ಪುಗಳ ಪೈಕಿ ಒಂದನ್ನು ತುಸು ವಿವರವಾಗಿಯೇ ಹೇಳಬೇಕು. ಭದ್ರಾ ಕಾಡಿನ ಅಂಚಿನಲ್ಲಿರುವ ತರೀಕೆರೆಯ ಜನರಿಗೆ ಅರಣ್ಯ ಇಲಾಖೆಯ ಪರಿಚಯ ಚೆನ್ನಾಗಿಯೇ ಇದೆಯಷ್ಟೆ. ಇದೂ ಅರಣ್ಯಾಧಿಕಾರಿಗಳ ವ್ಯಾಜ್ಯವೇ. ಜಮ್ಮು ಮತ್ತು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಲು ಒಂದು ಮಂಡಳಿ ರಚನೆಯಾಯಿತು. ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯು ಆ ಮಂಡಳಿಯ ಸದಸ್ಯನಾಗಿದ್ದನು. ಆದರೆ ಅವನೇ ಆ ಹುದ್ದೆಗೆ ಅಭ್ಯರ್ಥಿಯೂ ಆಗಿದ್ದನು! ತನ್ನ ಹೆಸರು ಬಂದಾಗ ಅವನು ಸಭೆಯಿಂದ ಹೊರಗುಳಿದನು. ತನ್ನ ಪ್ರತಿಸ್ಪರ್ಧಿಗಳ ಹೆಸರುಗಳು ಬಂದಾಗ ಒಳಗೇ ಕುಳಿತಿದ್ದನು. ಪಟ್ಟಿ ಹೊರಬಂದಾಗ ಮೊದಲ ಹೆಸರು ಅವನದೇ.

ಇದು ನ್ಯಾಯಾಲಯದ ವಿಚಾರಣೆಯಲ್ಲ, ಕೇವಲ ಆಡಳಿತದ ಕ್ರಮ, ಆದುದರಿಂದ ಸಹಜ ನ್ಯಾಯದ ತತ್ವಗಳು ಇಲ್ಲಿ ಅನ್ವಯಿಸುವುದಿಲ್ಲ ಎಂದು ಸರಕಾರದ ಕಡೆಯ ವಾದ. 1969ರ ಏಪ್ರಿಲ್‌ನಲ್ಲಿ ಐವರ ಪೀಠದ ಪರವಾಗಿ ತೀರ್ಪು ಬರೆದ ಹೆಗ್ಡೆಯವರು ಈ ವಾದವನ್ನು ಒಪ್ಪದೆ ಆಯ್ಕೆಯನ್ನು ರದ್ದುಪಡಿಸಿದರು. ಪಕ್ಷಪಾತ ನಡೆದೇ ಇದೆ ಎಂದು ಸಿದ್ಧಪಡಿಸಬೇಕಾಗಿಲ್ಲ, ಅದು ನಡೆದಿರುವ ಸಂಭವವು ಸಕಾರಣವಾಗಿ ತೋರಿದರೆ ಸಾಕು ಎಂಬುದು ಅದರ ತಿರುಳು. ತನ್ನ ವ್ಯಾಜ್ಯಕ್ಕೆ ತಾನೇ ತೀರ್ಪುಗಾರನಾಗಬಾರದೆಂಬ ರೋಮನ್ ನ್ಯಾಯಸೂತ್ರವನ್ನು ನಾವು ಗುರುಮಠದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬಾಯಿಪಾಠ ಮಾಡಿದವರು. ಅದು ಸರಕಾರಿ ಕಚೇರಿಯ ಮೇಜಿನವರೆಗೂ ಇಳಿದು ಬಂದುದು ಇಂತಹ ತೀರ್ಪುಗಳಿಂದ. ಎ.ಕೆ. ಕ್ರೈಪಾಕ್ ಪ್ರಕರಣವೆಂದು ಖ್ಯಾತವಾದ ಇದನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಇನ್ನೊಂದು ಪ್ರಕರಣ ಜಗತ್ಪ್ರಸಿದ್ಧ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಹೂಡಿದ ಮೊಕದ್ದಮೆಯು ಸಂವಿಧಾನವನ್ನು ತಿದ್ದಲು ಸಂಸತ್ತಿಗಿರುವ ಅಧಿಕಾರದ ಎಲ್ಲೆಯೆಲ್ಲಿ ಎಂಬ ಮಹಾಪ್ರಶ್ನೆಯಾಗಿ ಬೆಳೆಯಿತು. ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಆಲಿಸಿದರು. 1973ರ ಏಪ್ರಿಲ್ 24ರಂದು ಏಳು ಮಂದಿಯ ಬಹುಮತದಿಂದ, ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂಬ ತೀರ್ಪು ಬಂದಿತು. ಬಹುಮತದಲ್ಲಿದ್ದ ಹೆಗ್ಡೆಯವರು ನ್ಯಾಯಮೂರ್ತಿ ಮುಖರ್ಜಿಯವರೊಡನೆ ಬರೆದ ಅಭಿಪ್ರಾಯದಲ್ಲಿ ದೇಶದ ಸಾರ್ವಭೌಮತ್ವ, ಪ್ರಜಾಪ್ರಭುತ್ವ, ಏಕತೆ, ವ್ಯಕ್ತಿಸ್ವಾತಂತ್ರ್ಯಗಳ ಜೊತೆಗೆ ಕ್ಷೇಮರಾಜ್ಯವನ್ನು ಕಟ್ಟಬೇಕೆಂಬ ಆದೇಶವನ್ನೂ ಮೂಲ ಲಕ್ಷಣವಾಗಿ ಎಣಿಸಿದರು. ಹೆಗ್ಡೆಯವರನ್ನು ಆಸ್ತಿವಂತರ ಪರ ಎಂದು ಹಳಿದವರು ಈ ಭಾಗವನ್ನು ಓದಿರಲಿಕ್ಕಿಲ್ಲ.

ಮರುದಿನವೇ ಸಿಡಿಲೆರಗಿತು. ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರ ನಂತರ ಜ್ಯೇಷ್ಠತೆಯಂತೆ ಶೆಲತ್, ಹೆಗ್ಡೆ, ಗ್ರೋವರ್ ಇದ್ದರು. ಮೂವರೂ ಬಹುಮತದಲ್ಲಿದ್ದವರು. ಅವರನ್ನು ಬದಿಗಿಟ್ಟು, ನಾಲ್ಕನೆಯವರೂ ಅಲ್ಪಮತದಲ್ಲಿದ್ದವರೂ ಆದ ಎ.ಎನ್. ರೇ ಅವರನ್ನು ಸರಕಾರ ನೇಮಿಸಿತು. ಮೂವರೂ ರಾಜೀನಾಮೆಯಿತ್ತರು. ಹೆಗ್ಡೆಯವರ ಸೇವಾವಧಿ ಇನ್ನೂ ಒಂದು ವರ್ಷಕ್ಕೂ ಹೆಚ್ಚು ಉಳಿದಿತ್ತು. ಸಂಬಳ, ಬಂಗಲೆ, ಗೌರವಗಳೊಡನೆ ಮೌನವಾಗಿ ಅದನ್ನು ಕಳೆದುಬಿಡಬಹುದಾಗಿತ್ತು. ಹಾಗೆ ಮಾಡಿದ್ದರೆ ಯಾರೂ ದೂರುತ್ತಲೂ ಇರಲಿಲ್ಲ.

ತುರ್ತುಪರಿಸ್ಥಿತಿಯ ಬಳಿಕ, 1977ರ ಚುನಾವಣೆಯಲ್ಲಿ ಅವರು ಬೆಂಗಳೂರು ದಕ್ಷಿಣದಿಂದ ಜನತಾ ಅಭ್ಯರ್ಥಿಯಾಗಿ ನಿಂತು ಕೆಂಗಲ್ ಹನುಮಂತಯ್ಯನವರಂತಹ ಘಟಾನುಘಟಿಯನ್ನು ಸೋಲಿಸಿದರು. ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದ ವರ್ಷವದು. ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾಗಲು ತೆರವು ಮಾಡಿದ ಸಭಾಧ್ಯಕ್ಷ ಪೀಠಕ್ಕೆ ಅದೇ ಜುಲೈಯಲ್ಲಿ ಹೆಗ್ಡೆಯವರು ಆಯ್ಕೆಯಾದರು.

1978ರ ಡಿಸೆಂಬರ್ 19ರಂದು, ಮಾರುತಿ ಸಂಸ್ಥೆಯ ಕುರಿತು ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಹಿಂದೆ ಅಡ್ಡಿಪಡಿಸಿದರೆಂಬ ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆಯು ಶ್ರೀಮತಿ ಗಾಂಧಿಯವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಸೆರೆಮನೆಗೆ ಕಳುಹಿಸಿತು. ನಮ್ಮ ಜಿಲ್ಲೆಯ ಜನರು ಆರಿಸಿ ಕಳುಹಿಸಿದ ಪ್ರತಿನಿಧಿಯ ಸ್ಥಾನವು ಎರಡು ತಿಂಗಳೂ ತುಂಬುವ ಮೊದಲೇ ಬರಿದಾಯಿತು. ಯಾರ ಸರಕಾರ 1973ರಲ್ಲಿ ಹೆಗ್ಡೆಯವರನ್ನು ಬದಿಗೊತ್ತಿತ್ತೋ ಅವರೇ ಈಗ ಹೆಗ್ಡೆಯವರು ಸಭಾಧ್ಯಕ್ಷರಾಗಿದ್ದ ಸದನದಿಂದ ಹೊರಬಿದ್ದರು.

ಕ್ರೈಪಾಕ್ ತೀರ್ಪಿನ ಅಳತೆಗೋಲನ್ನು ಅದನ್ನು ಬರೆದವರ ಮೇಲೆಯೇ ಇಟ್ಟು ನೋಡಬೇಡವೇ? ಹಕ್ಕುಬಾಧ್ಯತಾ ಸಮಿತಿ ವಿಚಾರಿಸಿತು, ಸದನ ನಿರ್ಣಯಿಸಿತು. ಮತಗಳು ಸಮವಾದ ಹೊರತು ಸಭಾಧ್ಯಕ್ಷರು ಮತ ಚಲಾಯಿಸುವಂತಿಲ್ಲ. ಆ ಅರಣ್ಯಾಧಿಕಾರಿಗೆ ಪಟ್ಟಿಯಿಂದ ಸ್ವಂತ ಲಾಭವಿತ್ತು, ಹೆಗ್ಡೆಯವರಿಗೆ ಈ ಉಚ್ಚಾಟನೆಯಿಂದ ದಕ್ಕುವುದೇನೂ ಇರಲಿಲ್ಲ. ಆದುದರಿಂದ ದೋಷವನ್ನು ಅವರ ತಲೆಗೆ ಕಟ್ಟುವುದು ಅನ್ಯಾಯವೆಂದೇ ನಾವು ಭಾವಿಸುತ್ತೇವೆ. ಆದರೂ ನೋಡುವವರ ಕಣ್ಣಿಗೆ ಹೇಗೆ ತೋರುತ್ತದೆಂಬುದೂ ನ್ಯಾಯದ ಅಂಗವೆಂದು ಕಲಿಸಿದವರು ಅವರೇ. ಆ ಪ್ರಸ್ತಾವದ ಮಟ್ಟಿಗೆ ಸದನದ ಹೊಣೆಯನ್ನೆಲ್ಲ ಬೇರೊಬ್ಬರು ಹೊತ್ತಿದ್ದರೆ ಇತಿಹಾಸಕ್ಕೆ ಈ ಪ್ರಶ್ನೆಯೇ ಉಳಿಯುತ್ತಿರಲಿಲ್ಲ. ಉಚ್ಚಾಟನೆಯು ಸ್ವತಃ ಅತಿಯಾಯಿತೆಂಬ ಅಭಿಪ್ರಾಯ ಅಂದೂ ಇತ್ತು. ಮತದಾರರ ತೀರ್ಪನ್ನು ಸದನವು ಅಷ್ಟು ಸುಲಭವಾಗಿ ಅಳಿಸಬಾರದಿತ್ತೆಂಬುದು ನಮ್ಮ ಅಭಿಮತವೂ ಹೌದು. 1981ರ ಮೇ 7ರಂದು ಮುಂದಿನ ಲೋಕಸಭೆಯು ಆ ನಿರ್ಣಯವನ್ನು ರದ್ದುಪಡಿಸಿತು.

ಹೆಗ್ಡೆಯವರು 1980ರ ಜನವರಿಯಲ್ಲಿಯೇ ಪೀಠವನ್ನು ತೊರೆದಿದ್ದರು. 1979ರಲ್ಲಿ ಅವರು ಕಾರ್ಕಳದ ಬಳಿಯ ನಿಟ್ಟೆಯ ಹೆಸರಿನಲ್ಲಿ ಆರಂಭಿಸಿದ ವಿದ್ಯಾಸಂಸ್ಥೆ ಬೆಳೆದು ದೊಡ್ಡದಾಗಿದೆ. ಘಟ್ಟದ ಮೇಲಿನ ನಮ್ಮ ಊರುಗಳ ಮಕ್ಕಳಿಗೂ ಅದರ ಹೆಸರು ಅಪರಿಚಿತವಲ್ಲ. 1990ರ ಮೇ 24ರಂದು ಅವರು ತೀರಿಕೊಂಡರು. ಒಂಬತ್ತು ವರ್ಷಗಳ ತರುವಾಯ, 1999ರಲ್ಲಿ, ತಂದೆಯು ರಾಜೀನಾಮೆಯಿತ್ತು ಹೊರನಡೆದಿದ್ದ ಅದೇ ಸುಪ್ರೀಂ ಕೋರ್ಟಿಗೆ ಮಗ ಎನ್. ಸಂತೋಷ್ ಹೆಗ್ಡೆಯವರು ನ್ಯಾಯಮೂರ್ತಿಯಾಗಿ ಪ್ರವೇಶಿಸಿದರು.